ವಾರದ ದಿನ ರಾತ್ರಿಗೆ ಚೀಸ್ ಚಿಕನ್ ಬೇಕ್: ತಳದಲ್ಲಿ ನೀರು ನಿಲ್ಲದ ಹಾಗೆ ಮಾಡುವುದು ಹೇಗೆ?

ಸಂಜೆಪಾಳಿ_ಅಮ್ಮ:

ಎಲ್ಲರಿಗೂ ನಮಸ್ಕಾರ. ಆಫೀಸಿನಿಂದ ಮನೆ ಸೇರುವಾಗ ಏಳೂವರೆ ಆಗಿರುತ್ತದೆ. ಒಂಬತ್ತರೊಳಗೆ ಮಕ್ಕಳ ಊಟ ಮುಗಿಯಬೇಕು, ಇಲ್ಲ ಅಂದರೆ ಬೆಳಗ್ಗೆ ಸ್ಕೂಲ್ ಬಸ್ಸಿಗೆ ಎಬ್ಬಿಸುವುದರಲ್ಲಿ ನನ್ನ ಜೀವ ಹೋಗುತ್ತದೆ. ನಮ್ಮಲ್ಲಿ ಸೋಮವಾರ, ಶನಿವಾರ ನಾನ್‌ವೆಜ್ ಇಲ್ಲ. ಉಳಿದ ದಿನಗಳಲ್ಲಿ ಒಂದು ರಾತ್ರಿಯಾದರೂ ಚಿಕನ್ ಬೇಕು ಅಂತ ಇಬ್ಬರದೂ ಹಟ. ಕೋಳಿ ಸಾರು ಅಂದರೆ ಮಸಾಲೆ ಹುರಿದು ರುಬ್ಬಬೇಕು, ಜೊತೆಗೆ ಮುದ್ದೆನೋ ದೋಸೆನೋ ಆಗಬೇಕು. ಭಾನುವಾರಕ್ಕೆ ಅದು ಸರಿ, ಬುಧವಾರ ರಾತ್ರಿ ಯಾರಿಗೆ ಆಗುತ್ತದೆ ಹೇಳಿ.

ಹಾಗಾಗಿ ಟ್ರೇಯಲ್ಲಿ ಎಲ್ಲ ಹಾಕಿ ಮೇಲೆ ಚೀಸ್ ತುರಿದು ಓವನ್ನಿಗೆ ತಳ್ಳುವ ಚಿಕನ್ ಮಾಡೋಣ ಅಂತ. ಮನೆಯಲ್ಲಿ 30 ಲೀಟರಿನ ಓಟಿಜಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ಕರೆಂಟ್ ಓವನ್) ಇದೆ. ಬೋನ್‌ಲೆಸ್ ಬ್ರೆಸ್ಟ್ ಅರ್ಧ ಕೆಜಿ, ಕ್ಯಾಪ್ಸಿಕಂ, ಈರುಳ್ಳಿ, ಮಶ್ರೂಮ್, ಸ್ವಲ್ಪ ಪಾಸ್ತಾ ಸಾಸ್, ಮೇಲೆ ಚೀಸ್. 200 ಡಿಗ್ರಿಯಲ್ಲಿ ನಲವತ್ತು ನಿಮಿಷ ಇಡುತ್ತೇನೆ. ತಳದಲ್ಲಿ ಒಂದು ಲೋಟ ನೀರು, ಚಿಕನ್ ನಾರು ನಾರು, ಚೀಸ್ ಮೇಲೆ ಕಂದು ಬಣ್ಣದ ಹೊದಿಕೆ ಆಗಿ ಚಮಚಕ್ಕೇ ಬಗ್ಗುವುದಿಲ್ಲ. ನನ್ನ ಪ್ರಶ್ನೆಗಳು: ಚಿಕನ್ ಹಸಿಯಾಗಿ ಹಾಕಬೇಕಾ, ಬೇಯಿಸಿ ಹಾಕಬೇಕಾ? ಯಾವ ಚೀಸ್? ಭಾನುವಾರವೇ ಏನಾದರೂ ತಯಾರು ಮಾಡಿ ಇಡಬಹುದಾ? ದಯವಿಟ್ಟು ಹದಿನೆಂಟು ಸಾಮಾನಿನ ರೆಸಿಪಿ ಬೇಡ.

ಒಲೆಮುಂದೆ:

ಮೇಡಂ, ನೀವು ಹೇಳಿದ ಮೂರು ತೊಂದರೆಯಲ್ಲಿ ಎರಡಕ್ಕೆ ನಲವತ್ತು ನಿಮಿಷವೇ ಕಾರಣ. ಬ್ರೆಸ್ಟಿನಲ್ಲಿ ಕೊಬ್ಬು ಬಹಳ ಕಡಿಮೆ. ಒಳಗಿನ ಬಿಸಿ 74 ಡಿಗ್ರಿ ಮುಟ್ಟಿದರೆ ಬೆಂದ ಹಾಗೆ, ಅದೇ ಸುರಕ್ಷಿತ ಅಂತ ಅಮೆರಿಕದ ಕೃಷಿ ಇಲಾಖೆಯೂ ಹೇಳುವುದು. ಅದನ್ನು ದಾಟಿ ಹೋದಷ್ಟೂ ಮಾಂಸ ಬಿಗಿದುಕೊಂಡು ಒಳಗಿನ ನೀರನ್ನು ಹೊರಗೆ ಹಿಂಡುತ್ತದೆ. ಆ ನೀರೇ ನಿಮ್ಮ ತಳದಲ್ಲಿ ನಿಂತಿರುವುದು, ಜೊತೆಗೆ ಮಶ್ರೂಮಿನದೂ ಕ್ಯಾಪ್ಸಿಕಂದೂ ಸೇರಿರುತ್ತದೆ. ಮಶ್ರೂಮ್ ಅಂದರೆ ಹೆಚ್ಚು ಕಡಿಮೆ ನೀರೇ. ಹಸಿ ಮಶ್ರೂಮನ್ನು ಟ್ರೇಗೆ ಹಾಕಿ ಸಾಸ್ ಸುರಿದರೆ ಅದು ಬೇಕ್ ಆಗುವುದಿಲ್ಲ, ಬೇಯುತ್ತದೆ ಅಷ್ಟೇ.

ನಾನು ಮಾಡುವುದು ಹೀಗೆ. ಬ್ರೆಸ್ಟನ್ನು ಅಡ್ಡಕ್ಕೆ ಸೀಳಿ ಒಂದೂವರೆ ಸೆಂಟಿಮೀಟರ್ ದಪ್ಪದ ತುಂಡು ಮಾಡುತ್ತೇನೆ. ಒಂದೇ ದಪ್ಪ ಇರುವುದು ಮುಖ್ಯ, ಇಲ್ಲದಿದ್ದರೆ ತುದಿ ಒಣಗುತ್ತದೆ, ನಡುವೆ ಹಸಿ ಉಳಿಯುತ್ತದೆ. ಬೆಳಗ್ಗೆ ಆಫೀಸಿಗೆ ಹೊರಡುವ ಮುಂಚೆ ಅರ್ಧ ಕೆಜಿಗೆ ಮುಕ್ಕಾಲು ಟೀ ಚಮಚ ಉಪ್ಪು, ಕಾಳುಮೆಣಸಿನ ಪುಡಿ, ಬೆಳ್ಳುಳ್ಳಿ, ಒಂದು ಚಮಚ ಎಣ್ಣೆ ಸವರಿ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿ ಇಡುತ್ತೇನೆ. ಸಂಜೆಯವರೆಗೆ ಉಪ್ಪು ಒಳಗೆ ಇಳಿದಿರುತ್ತದೆ. ಹೀಗೆ ಮೊದಲೇ ಉಪ್ಪು ಹಚ್ಚಿದ ಮಾಂಸ ಬೇಯುವಾಗ ನೀರನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ನಿಂಬೆಹಣ್ಣು ಮಾತ್ರ ಬೆಳಗ್ಗೆಯೇ ಹಿಂಡಬೇಡಿ, ದಿನವಿಡೀ ಹುಳಿಯಲ್ಲಿ ಕೂತರೆ ಮೇಲ್ಭಾಗ ಹಿಟ್ಟು ಹಿಟ್ಟಾಗುತ್ತದೆ.

ಮನೆಗೆ ಬಂದ ತಕ್ಷಣ ಓಟಿಜಿ ಆನ್ ಮಾಡಿ. ಎರಡೂ ರಾಡ್, 200 ಡಿಗ್ರಿ. ಕೈಕಾಲು ತೊಳೆದು ಬರುವಷ್ಟರಲ್ಲಿ ಕಾದಿರುತ್ತದೆ. ಈರುಳ್ಳಿ, ಕ್ಯಾಪ್ಸಿಕಂ, ಮಶ್ರೂಮನ್ನು ಬಾಣಲೆಯಲ್ಲಿ ಜೋರು ಉರಿಯಲ್ಲಿ ಹುರಿಯಿರಿ. ಮಶ್ರೂಮ್ ಮೊದಲು ನೀರು ಬಿಡುತ್ತದೆ, ಆಮೇಲೆ ಆ ನೀರು ಆರುತ್ತದೆ, ಆಗ ಇಳಿಸಿ. ಅಲ್ಲಿಯವರೆಗೆ ಉಪ್ಪು ಹಾಕಬೇಡಿ. ಚಿಕನ್ ತುಂಡುಗಳನ್ನು ಟಿಶ್ಯೂನಲ್ಲಿ ಒತ್ತಿ ಒರೆಸಿ, ಟ್ರೇಯಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಜೋಡಿಸಿ, ಮೇಲೆ ತರಕಾರಿ, ಅದರ ಮೇಲೆ ಗಟ್ಟಿ ಸಾಸ್ ತೆಳುವಾಗಿ. ಚೀಸ್ ಈಗ ಬೇಡ! ನಡುವಿನ ಹಂತದಲ್ಲಿ ಹದಿನೈದು ಹದಿನೆಂಟು ನಿಮಿಷ ಇಡಿ. ಆಮೇಲೆ ಹೊರಗೆ ತೆಗೆದು ಚೀಸ್ ಹರಡಿ, ಮೇಲಿನ ರಾಡ್ ಮಾತ್ರ ಹಾಕಿ ಐದು ನಿಮಿಷ. ಈ ಐದು ನಿಮಿಷ ಮಾತ್ರ ಓಟಿಜಿ ಮುಂದೆಯೇ ನಿಂತಿರಬೇಕು, ಫೋನ್ ಬಂದರೂ ಎತ್ತಬೇಡಿ.

ಹಸಿ ಚಿಕನ್ನೇ ಹಾಕಿ. ಮೊದಲೇ ಬೇಯಿಸಿ ಹಾಕಿದರೆ ಎರಡು ಸಲ ಬೆಂದು ಮತ್ತೆ ನಾರಾಗುತ್ತದೆ.

ಚೀಸ್ ವಿಷಯ: ನೂಲು ನೂಲಾಗಿ ಎಳೆಯಬೇಕು ಅಂದರೆ ಮೊಝರೆಲ್ಲಾ. ಕ್ಯೂಬಿನಲ್ಲಿ, ಬ್ಲಾಕಿನಲ್ಲಿ ಬರುವ ಪ್ರೊಸೆಸ್ಡ್ ಚೀಸಿನಲ್ಲಿ ಕೊಬ್ಬು, ನೀರು ಬೇರೆಯಾಗದ ಹಾಗೆ ಹಿಡಿದಿಡುವ ಎಮಲ್ಸಿಫೈಯರ್ ಉಪ್ಪುಗಳು ಇರುತ್ತವೆ, ಹಾಗಾಗಿ ಅದು ಮೆತ್ತಗಾಗುತ್ತದೆ, ಎಣ್ಣೆ ಬಿಡುವುದಿಲ್ಲ, ಆದರೆ ಎಳೆ ಬರುವುದಿಲ್ಲ. ರುಚಿಗೆ ಮಾತ್ರ ಅದೇ ಮೇಲು. ಮೊಝರೆಲ್ಲಾ ಒಂದೇ ಹಾಕಿದರೆ ಸಪ್ಪೆ. ಎರಡು ಪಾಲು ಮೊಝರೆಲ್ಲಾ, ಒಂದು ಪಾಲು ಪ್ರೊಸೆಸ್ಡ್, ಇದು ನನ್ನ ಲೆಕ್ಕ. ಅರ್ಧ ಕೆಜಿ ಚಿಕನ್ನಿಗೆ ಒಟ್ಟು 120 ಗ್ರಾಂ ಸಾಕು. ಪ್ರೊಸೆಸ್ಡ್ ಚೀಸಿನಲ್ಲಿ ಉಪ್ಪು ಜಾಸ್ತಿ, ಸಾಸಿಗೆ ಉಪ್ಪು ಹಾಕುವಾಗ ಕೈ ಹಿಡಿಯಿರಿ.

ಕುಡ್ಲದ_ಬಾಣಲೆ:

ಮೇಲಿನವರು ಹೇಳಿದ್ದೆಲ್ಲ ಸರಿ, ಆದರೆ ಒಂದು ಮಾತು. ಬ್ರೆಸ್ಟನ್ನೇ ಯಾಕೆ ತರುತ್ತೀರಿ? ಒಣಗುವ ಮಾಂಸ ತಂದು ಅದು ಒಣಗದ ಹಾಗೆ ಕಾಯುತ್ತಾ ಕೂರುವುದು ಎಂಥ ಕೆಲಸ ಮಾರಾಯ್ರೆ. ಚಿಕನ್ ಅಂಗಡಿಯಲ್ಲಿ ಸುಮ್ನೆ ಬೋನ್‌ಲೆಸ್ ಅಂದರೆ ಬ್ರೆಸ್ಟ್ ಕೊಡುತ್ತಾರೆ. ಲೆಗ್ ಬೋನ್‌ಲೆಸ್ ಮಾಡಿಕೊಡಿ ಅಂತ ಬಾಯಿಬಿಟ್ಟು ಕೇಳಬೇಕು. ಮೂಳೆ ಸಮೇತ ತೂಗಿ ದುಡ್ಡು ತೆಗೆದುಕೊಂಡು ಆಮೇಲೆ ಮೂಳೆ ಬಿಡಿಸಿ ಕೊಡುತ್ತಾರೆ. ಆ ಮೂಳೆಯನ್ನೂ ಕೇಳಿ ತನ್ನಿ, ಮರುದಿನ ಸಾರಿಗೆ ಆಯಿತು.

ತೊಡೆಯ ಮಾಂಸಕ್ಕೆ ಹತ್ತು ನಿಮಿಷ ಹೆಚ್ಚಾದರೆ ಏನೂ ಆಗುವುದಿಲ್ಲ. ಸುಮಾರು 80 ಡಿಗ್ರಿ ದಾಟಿದ ಮೇಲೆಯೇ ಅದು ಮೆತ್ತಗಾಗುವುದು. ನಾನು ಬಾಣಲೆಯನ್ನೂ ಇಡುವುದಿಲ್ಲ. ಟ್ರೇಯಲ್ಲೇ ತೊಡೆ ತುಂಡು, ಉಪ್ಪು, ಅರಿಶಿನ, ಬ್ಯಾಡಗಿ ಮೆಣಸಿನ ಪುಡಿ, ಬೆಳ್ಳುಳ್ಳಿ, ನೀರು ಬಸಿದ ಮೊಸರು ಎರಡು ಚಮಚ, ಕೈಯಲ್ಲೇ ಕಲಸಿ 200 ಡಿಗ್ರಿಯಲ್ಲಿ ಅರ್ಧ ಗಂಟೆ. ಕಡೆಗೆ ಚೀಸ್. ಒಟ್ಟು ಸಮಯ ಒಲೆಮುಂದೆಯವರದಕ್ಕಿಂತ ಜಾಸ್ತಿ, ಆದರೆ ನನ್ನ ಕೈಕೆಲಸ ಐದೇ ನಿಮಿಷ. ಉಳಿದ ಹೊತ್ತು ಮಗಳ ಹೋಂವರ್ಕ್ ನೋಡುತ್ತೇನೆ. ವಾರದ ದಿನ ನೋಡಬೇಕಾದ್ದು ನಾವು ಎಷ್ಟು ಹೊತ್ತು ನಿಂತಿರುತ್ತೇವೆ ಅನ್ನುವುದನ್ನು, ಗಡಿಯಾರವನ್ನಲ್ಲ.

ಇನ್ನೊಂದು. ಭಾನುವಾರ ಗೀ ರೋಸ್ಟ್ ಮಾಡಿದ್ದರೆ ಮಸಾಲೆ ಒಂದೆರಡು ಚಮಚ ಉಳಿಸಿ. ಮೊಸರಿನ ಜಾಗದಲ್ಲಿ ಅದನ್ನು ಸವರಿ, ಮೇಲೆ ಮೊಝರೆಲ್ಲಾ. ಶುದ್ಧವಾದಿಗಳು ಬಯ್ಯಬಹುದು, ಬಯ್ಯಲಿ. ಹುಣಸೆಹುಳಿ ಮತ್ತು ಖಾರಕ್ಕೆ ಚೀಸ್ ಬಹಳ ಚೆನ್ನಾಗಿ ಹೊಂದುತ್ತದೆ.

ಒಲೆಮುಂದೆ:

ಲೆಗ್ ಬೋನ್‌ಲೆಸ್ ಒಪ್ಪಿದೆ. ನಮ್ಮ ಮನೆಯಲ್ಲಿ ಹುಡುಗರಿಗೆ ನರ, ಕೊಬ್ಬು ಸಿಕ್ಕಿದರೆ ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿ ಇಡುತ್ತಾರೆ, ಅದಕ್ಕೆ ಬ್ರೆಸ್ಟ್. ಆದರೆ ಬಾಣಲೆ ಇಡುವುದಿಲ್ಲ ಅನ್ನುವುದು ಮಶ್ರೂಮ್ ಹಾಕದವರಿಗೆ ಮಾತ್ರ ಸರಿ. ತರಕಾರಿ ಬೇಕು ಅಂದರೆ ಹುರಿಯಲೇಬೇಕು.

ಸಂಜೆಪಾಳಿ_ಅಮ್ಮ:

ಇಬ್ಬರಿಗೂ ಥ್ಯಾಂಕ್ಸ್. ಚೀಸ್ ಕೊನೆಗೆ ಹಾಕಬೇಕು ಅಂತ ನಾನು ನೋಡಿದ ಯಾವ ವಿಡಿಯೋದಲ್ಲೂ ಹೇಳಿರಲಿಲ್ಲ. ಸಾಸ್ ಬಗ್ಗೆ ಸ್ವಲ್ಪ ಹೇಳಿ. ಬಾಟಲಿ ಸಾಸ್ ದುಬಾರಿ, ಮಕ್ಕಳಿಗೆ ಬಿಳಿ ಸಾಸೇ ಇಷ್ಟ. ಅದನ್ನು ಮೊದಲೇ ಮಾಡಿ ಇಟ್ಟರೆ ಕೆಡುತ್ತದಾ? ಮತ್ತೆ ಅತ್ತೆಗೆ ಹಲ್ಲಿನ ತೊಂದರೆ ಇದೆ, ಅವರಿಗೂ ಆಗುವ ಹಾಗೆ ಮೆತ್ತಗೆ ಇದ್ದರೆ ಒಳ್ಳೆಯದು.

ಆಸ್ಟಿನ್_ಅಡುಗೆಮನೆ:

ಅಕ್ಕ, ನಾನು ಟೆಕ್ಸಾಸಿನಲ್ಲಿದ್ದೇನೆ, ಊರು ಹಾಸನದ ಕಡೆ. ಇಲ್ಲಿ ಇದು ಮನೆಮನೆಯ ಊಟ, ಕ್ಯಾಸರೋಲ್ ಅನ್ನುತ್ತಾರೆ. ಒಂಬತ್ತಕ್ಕೆ ಹದಿಮೂರು ಇಂಚಿನ ಗಾಜಿನ ಟ್ರೇ ಇಲ್ಲದ ಮನೆ ಕಡಿಮೆ. ಬಿಳಿ ಸಾಸ್ ಮಾಡುವ ತಾಪತ್ರಯವೂ ಇಲ್ಲಿನವರಿಗಿಲ್ಲ. ಕ್ಯಾಂಪ್‌ಬೆಲ್ ಕಂಪನಿ 1934ರಲ್ಲಿ ಡಬ್ಬಿಯಲ್ಲಿ ಮಶ್ರೂಮ್ ಕ್ರೀಮ್ ಸೂಪ್ ತಂದಿತು. ಆಮೇಲೆ ಆ ಸೂಪೇ ಅರ್ಧ ದೇಶದ ಸಾಸ್ ಆಗಿಹೋಯಿತು. ನನಗೆ ಅದು ಉಪ್ಪು ಅನಿಸುತ್ತದೆ, ಮನೆಯಲ್ಲೇ ಮಾಡುತ್ತೇನೆ.

ಎರಡು ಊಟದ ಚಮಚ ಬೆಣ್ಣೆ, ಎರಡು ಚಮಚ ಮೈದಾ. ಸಣ್ಣ ಉರಿಯಲ್ಲಿ ಹಸಿ ವಾಸನೆ ಹೋಗುವ ತನಕ ಹುರಿಯಿರಿ, ಬಣ್ಣ ಬರಬಾರದು. ಒಂದೂವರೆ ಕಪ್ ಹಾಲನ್ನು ಸ್ವಲ್ಪ ಸ್ವಲ್ಪವೇ ಹಾಕಿ ಕದಡುತ್ತಾ ಹೋಗಿ. ಮೊದಲ ಸಲ ಹಾಲು ಬಿದ್ದಾಗ ಗಟ್ಟಿ ಮುದ್ದೆಯಾಗುತ್ತದೆ, ಹೆದರಬೇಡಿ, ಮುದ್ದೆ ಕರಗಿದ ಮೇಲೆಯೇ ಮುಂದಿನ ಹಾಲು. ಗಂಟಾದರೆ ಜರಡಿ ಹಿಡಿದರಾಯಿತು. ಉಪ್ಪು, ಕಾಳುಮೆಣಸು, ಇದ್ದರೆ ಚೂರು ಜಾಯಿಕಾಯಿ. ಬೇಕ್ ಮಾಡುವುದಕ್ಕೆ ಸಾಸ್ ದೋಸೆ ಹಿಟ್ಟಿಗಿಂತ ಗಟ್ಟಿಯೇ ಇರಲಿ, ಚಿಕನ್ ಬಿಡುವ ನೀರು ಸೇರಿದಾಗ ಸರಿಯಾಗುತ್ತದೆ. ಭಾನುವಾರ ಮಾಡಿ ಫ್ರಿಜ್ಜಿನಲ್ಲಿಟ್ಟರೆ ಬುಧವಾರದವರೆಗೆ ಚೆನ್ನಾಗಿರುತ್ತದೆ. ಕೆನೆ ಕಟ್ಟದ ಹಾಗೆ ಪ್ಲಾಸ್ಟಿಕ್ ಹಾಳೆಯನ್ನು ಸಾಸಿಗೆ ತಾಗುವಂತೆ ಮುಚ್ಚಿ. ತೆಗೆದಾಗ ಗಟ್ಟಿಯಾಗಿರುತ್ತದೆ, ಎರಡು ಚಮಚ ಹಾಲು ಹಾಕಿ ಬಿಸಿ ಮಾಡಿ ಕದಡಿ.

ಅತ್ತೆಗೆ ಮೆತ್ತಗೆ ಬೇಕು ಅಂದಿರಲ್ಲ, ಅದಕ್ಕೆ ಅನ್ನದ ಬೇಕ್ ಮಾಡಿ ನೋಡಿ. ಒಂದು ಕಪ್ ಸೋನಾ ಮಸೂರಿ ತೊಳೆದು ಅರ್ಧ ಗಂಟೆ ನೆನೆಸಿ, ನೀರು ಬಸಿದು ಟ್ರೇಗೆ ಹಾಕಿ. ಎರಡು ಕಪ್ ಕುದಿಯುವ ಬಿಸಿ ಇರುವ ನೀರು ಅಥವಾ ಮೂಳೆ ಬೇಯಿಸಿದ ನೀರು, ಅದರಲ್ಲಿ ಮೂರು ನಾಲ್ಕು ಚಮಚ ಬಿಳಿ ಸಾಸ್ ಕದಡಿ ಸುರಿಯಿರಿ. ಮೇಲೆ ಉಪ್ಪು ಖಾರ ಹಚ್ಚಿದ ತೊಡೆ ತುಂಡುಗಳು. ಫಾಯಿಲ್ ಬಿಗಿಯಾಗಿ ಮುಚ್ಚಿ 190 ಡಿಗ್ರಿ, ನಲವತ್ತು ನಿಮಿಷ. ತೆಗೆದು ಅಕ್ಕಿ ಒತ್ತಿ ನೋಡಿ. ಬೆಂದಿದ್ದರೆ ಚೀಸ್ ಹಾಕಿ ಫಾಯಿಲ್ ಇಲ್ಲದೆ ಎಂಟು ಹತ್ತು ನಿಮಿಷ. ಇಲ್ಲಿ ನೀರು ನಿಲ್ಲುವ ಪ್ರಶ್ನೆಯೇ ಇಲ್ಲ, ಚಿಕನ್ ಬಿಟ್ಟ ನೀರನ್ನೆಲ್ಲ ಅನ್ನ ಕುಡಿಯುತ್ತದೆ, ರುಚಿಯೂ ಅಲ್ಲೇ ಇರುವುದು. ತಣ್ಣೀರು ಮಾತ್ರ ಹಾಕಬೇಡಿ. ತಣ್ಣೀರು ಹಾಕಿದರೆ ಅದು ಕಾಯುವುದಕ್ಕೇ ಕಾಲು ಗಂಟೆ ಹೋಗುತ್ತದೆ, ಅಕ್ಕಿ ಒಂದೇ ಸಮ ಬೇಯುವುದಿಲ್ಲ.

ಇಂಗ್ಲಿಷ್ ರೆಸಿಪಿ ನೋಡುವವರಿಗೆ: ಅಲ್ಲಿ 375, 400 ಅಂತ ಬರೆದಿರುವುದು ಫ್ಯಾರನ್‌ಹೀಟ್. 375 ಅಂದರೆ ನಮ್ಮ 190, 400 ಅಂದರೆ ಸುಮಾರು 200. ಓಟಿಜಿ ಗುಂಡಿ 250ಕ್ಕೆ ಮುಗಿಯುತ್ತದಲ್ಲ ಅಂತ ನಮ್ಮ ಅಕ್ಕ ಒಮ್ಮೆ ಗಾಬರಿಯಾಗಿ ಫೋನ್ ಮಾಡಿದ್ದಳು.

ಬಾಡಿಗೆಮನೆ_ಹುಡುಗ:

ಓವನ್ ಇಲ್ಲದವರ ಕಡೆಗೂ ಸ್ವಲ್ಪ ನೋಡಿ ಸ್ವಾಮಿ. ನಾವು ಮೂವರು ಹುಡುಗರು ಒಂದು ರೂಮಿನಲ್ಲಿ, ಒಂದು ಗ್ಯಾಸ್, ಒಂದು ದಪ್ಪ ತಳದ ಬಾಣಲೆ. ತೆಳು ತುಂಡು ಚಿಕನ್ನನ್ನು ಎಣ್ಣೆಯಲ್ಲಿ ಎರಡೂ ಕಡೆ ಕೆಂಪಗೆ ಮಾಡಿ, ಉರಿ ಸಣ್ಣ ಮಾಡಿ, ಟೊಮೆಟೊ ಬೆಳ್ಳುಳ್ಳಿ ಗೊಜ್ಜು ಗಟ್ಟಿಯಾಗಿ ಮಾಡಿದ್ದನ್ನು ಮೇಲೆ ಸವರಿ, ಚೀಸ್ ಹರಡಿ ಮುಚ್ಚಳ ಮುಚ್ಚಿದರೆ ಮೂರು ನಿಮಿಷದಲ್ಲಿ ಕರಗುತ್ತದೆ. ಮೇಲೆ ಕಂದು ಚುಕ್ಕೆ ಬರುವುದಿಲ್ಲ ನಿಜ. ಮುಚ್ಚಳದ ಒಳಗೆ ಕಟ್ಟುವ ಹನಿ ಚೀಸ್ ಮೇಲೆ ಬೀಳದ ಹಾಗೆ ಮುಚ್ಚಳಕ್ಕೆ ಒಂದು ಒಣ ಬಟ್ಟೆ ಸುತ್ತಿ, ಬಟ್ಟೆಯ ತುದಿಗಳನ್ನು ಮೇಲಕ್ಕೆ ಕಟ್ಟಿ, ಬೆಂಕಿ ತಾಗಬಾರದು. ಪಾವ್ ಜೊತೆ ತಿನ್ನುತ್ತೇವೆ. ಪಾತ್ರೆ ಒಂದೇ ತೊಳೆಯಬೇಕು, ಅದೇ ದೊಡ್ಡ ಲಾಭ.

ಏರ್‌ಫ್ರೈಯರ್ ಇರುವವರು ಯಾರಾದರೂ ಇದ್ದರೆ ಹೇಳಿ, ಕಂತಿನಲ್ಲಿ ತೆಗೆದುಕೊಳ್ಳುವ ಯೋಚನೆ ಇದೆ.

ಕುಡ್ಲದ_ಬಾಣಲೆ:

ಏರ್‌ಫ್ರೈಯರಿನಲ್ಲಿ 180 ಡಿಗ್ರಿ, ತೆಳು ತುಂಡಿಗೆ ಹನ್ನೆರಡು ನಿಮಿಷ. ಒಳಗೆ ಫ್ಯಾನ್ ಜೋರಾಗಿ ತಿರುಗುತ್ತದೆ, ತುರಿದ ಚೀಸ್ ಹಾಕಿದರೆ ಹಾರಿ ಮೇಲಿನ ಕಾಯಿಲಿಗೆ ಅಂಟಿ ಸುಟ್ಟ ವಾಸನೆ ಬರುತ್ತದೆ. ಚೀಸನ್ನು ಸಾಸಿಗೆ ಕಲಸಿ ಸವರಿ, ಅಥವಾ ಕೊನೆಗೆ ಯಂತ್ರ ನಿಲ್ಲಿಸಿ ಚೀಸ್ ಹಾಕಿ ಅದೇ ಬಿಸಿಯಲ್ಲಿ ಮೂರು ನಿಮಿಷ ಮುಚ್ಚಿಡಿ. ಮೂವರಿಗೆ ಚಿಕ್ಕ ಬುಟ್ಟಿ ಸಾಲುವುದಿಲ್ಲ, ಎರಡು ಸಲ ಮಾಡಬೇಕಾಗುತ್ತದೆ. ನನ್ನನ್ನು ಕೇಳಿದರೆ ಆ ದುಡ್ಡಿಗೆ ಓಟಿಜಿ ತೆಗೆದುಕೊಳ್ಳಿ.

ನಾಟಿಕೋಳಿ_ಮಾತ್ರ:

ಇದೆಲ್ಲ ಊಟವಾ? ಮೈದಾ, ಬೆಣ್ಣೆ, ಚೀಸ್, ಬ್ರಾಯ್ಲರ್ ಕೋಳಿ. ಒಂದು ನಾಟಿ ಕೋಳಿ ಸಾರು ಮಾಡಿ ಮಕ್ಕಳಿಗೆ ಉಣ್ಣಿಸಿ.

ಸಂಜೆಪಾಳಿ_ಅಮ್ಮ:

ನಾಟಿ ಕೋಳಿ ಬೇಯುವುದಕ್ಕೆ ಎಷ್ಟು ಹೊತ್ತು ಬೇಕು ಸರ್? ನಮ್ಮ ಮನೆಗೆ ಸಂಜೆ ಏಳೂವರೆಗೆ ಬಂದು ಮಾಡಿಕೊಡುವುದಾದರೆ ನಮ್ಮ ಅಡ್ಡಿ ಏನೂ ಇಲ್ಲ. ಪಾತ್ರೆಯನ್ನೂ ತೊಳೆದು ಹೋಗಬೇಕು.

ನಾಟಿಕೋಳಿ_ಮಾತ್ರ:

😄 ಸೋತೆ ತಾಯಿ. ಆದರೆ ಮೈದಾ ಜಾಗದಲ್ಲಿ ಗೋಧಿ ಹಿಟ್ಟು ಹಾಕಿದರೂ ಆ ಸಾಸ್ ಬರುತ್ತದೆ, ನಮ್ಮ ಮನೆಯವರು ಹಾಗೇ ಮಾಡುವುದು. ಬಣ್ಣ ಸ್ವಲ್ಪ ಮಾಸಲು, ಅಷ್ಟೇ. ನಾನೂ ತಿನ್ನುತ್ತೇನೆ, ಯಾರಿಗೂ ಹೇಳಬೇಡಿ.

ಫ್ರೀಜರ್_ರಾಣಿ:

ತಡವಾಗಿ ನೋಡಿದೆ. ಭಾನುವಾರದ ತಯಾರಿ ಬಗ್ಗೆ ಯಾರೂ ಪೂರ್ತಿ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಚಿಕನ್ ತಂದ ದಿನವೇ ಮಸಾಲೆ ಹಚ್ಚಿ ಒಂದು ಊಟಕ್ಕೆ ಒಂದು ಜಿಪ್ ಕವರ್ ಅಂತ ಹಾಕಿ, ಗಾಳಿ ತೆಗೆದು ಚಪ್ಪಟೆ ಮಾಡಿ ಫ್ರೀಜರಿನಲ್ಲಿ ಮಲಗಿಸಿ. ಉಂಡೆ ಮಾಡಿ ಇಟ್ಟರೆ ಕರಗುವುದಕ್ಕೆ ಇಡೀ ದಿನ ಬೇಕು, ಚಪ್ಪಟೆ ಇದ್ದರೆ ಬೇಗ. ಮಂಗಳವಾರ ರಾತ್ರಿ ಮಲಗುವ ಮುಂಚೆ ಫ್ರೀಜರಿನಿಂದ ಕೆಳಗಿನ ತಟ್ಟೆಗೆ ಇಳಿಸಿ, ಅಡಿಯಲ್ಲಿ ಒಂದು ಪ್ಲೇಟ್ ಇರಲಿ. ಕಟ್ಟೆ ಮೇಲೆ ಇಟ್ಟು ಕರಗಿಸಬೇಡಿ, ಅದರಲ್ಲೂ ನಮ್ಮ ಏಪ್ರಿಲ್ ಮೇ ಸೆಕೆಗೆ.

ಚಿಕನ್ನನ್ನು ಸಿಂಕಿನಲ್ಲಿ ನಲ್ಲಿ ಕೆಳಗೆ ಹಿಡಿದು ತೊಳೆಯುವ ಅಭ್ಯಾಸ ನಮಗೆಲ್ಲ ಇದೆ. ಹನಿ ಸಿಡಿದು ಪಕ್ಕದ ಸೊಪ್ಪು, ತಟ್ಟೆಗೆಲ್ಲ ರೋಗಾಣು ಹರಡುತ್ತದೆ, ತೊಳೆದರೆ ಅವು ಸಾಯುವುದೂ ಇಲ್ಲ, ಬೇಯಿಸಿದರೆ ಸಾಯುತ್ತವೆ. ತೊಳೆಯದೆ ಮನಸ್ಸು ಒಪ್ಪುವುದಿಲ್ಲ ಅನ್ನುವವರು ಪಾತ್ರೆಯಲ್ಲಿ ನೀರು ಹಾಕಿ ಮೆಲ್ಲಗೆ ಅದ್ದಿ ತೆಗೆಯಿರಿ, ಆಮೇಲೆ ಸಿಂಕ್ ಉಜ್ಜಿ. ನೀರು ಪೂರ್ತಿ ಬಸಿಯಲಿ, ತಳದಲ್ಲಿ ನಿಲ್ಲುವ ನೀರಿನಲ್ಲಿ ಇದರದ್ದೂ ಪಾಲು ಇದೆ.

ಮೊಝರೆಲ್ಲಾವನ್ನೂ ತುರಿದು ಫ್ರೀಜರಿನಲ್ಲಿ ಇಡಬಹುದು, ಕರಗಿಸದೆ ನೇರವಾಗಿ ಉದುರಿಸಿ. ಉಳಿದ ಬ್ರೆಡ್ಡಿನ ಅಂಚು ಒಣಗಿಸಿ ಪುಡಿ ಮಾಡಿ ಚೂರು ಬೆಣ್ಣೆ ಸವರಿ ಇಟ್ಟರೆ ಚೀಸ್ ಜೊತೆ ಮೇಲೆ ಹಾಕಬಹುದು, ಮಕ್ಕಳು ಆ ಗರಿಗರಿಗಾಗಿಯೇ ಜಗಳ ಆಡುತ್ತಾರೆ.

ಸಂಜೆಪಾಳಿ_ಅಮ್ಮ:

ಎಲ್ಲ ಬರೆದಿಟ್ಟುಕೊಂಡೆ. ಬುಧವಾರಕ್ಕೆ ಲೆಗ್ ಬೋನ್‌ಲೆಸ್, ಭಾನುವಾರವೇ ಬಿಳಿ ಸಾಸ್, ಮಶ್ರೂಮ್ ಹುರಿದು ಹಾಕುವುದು, ಚೀಸ್ ಕಡೆಗೆ. ಅನ್ನದ ಬೇಕ್ ಶುಕ್ರವಾರಕ್ಕೆ. ಒಂದು ಕೊನೆಯ ಅನುಮಾನ: ಬೆಳಗ್ಗೆಯೇ ಗಾಜಿನ ಟ್ರೇಯಲ್ಲಿ ಎಲ್ಲ ಜೋಡಿಸಿ ಫ್ರಿಜ್ಜಿನಲ್ಲಿಟ್ಟು, ಸಂಜೆ ನೇರ ಓಟಿಜಿಗೆ ಇಟ್ಟರೆ ಆಗುತ್ತದಾ?

ಒಲೆಮುಂದೆ:

ಗಾಜಿನದ್ದಾದರೆ ಬೇಡ. ಓವನ್ ಟ್ರೇಗೆ ಬಳಸುವ ಬೊರೊಸಿಲಿಕೇಟ್ ಗಾಜು ಬಿಸಿ ತಣ್ಣಗಿನ ಏರುಪೇರನ್ನು ಸಾಧಾರಣ ಗಾಜಿಗಿಂತ ಹೆಚ್ಚು ತಡೆಯುತ್ತದೆ, ಆದರೂ ಫ್ರಿಜ್ಜಿನ ತಣ್ಣನೆ ಟ್ರೇಯನ್ನು 200 ಡಿಗ್ರಿಗೆ ತಳ್ಳಿದರೆ ಒಡೆಯಬಹುದು. ಬಿಸಿ ಟ್ರೇಯನ್ನು ಒದ್ದೆ ಕಟ್ಟೆ ಮೇಲೆ ಇಡುವುದೂ ಅಷ್ಟೇ ಅಪಾಯ, ಒಣ ಬಟ್ಟೆ ಅಥವಾ ಮರದ ಹಲಗೆ ಮೇಲೆ ಇಡಿ. ಬೆಳಗ್ಗೆ ಜೋಡಿಸಲೇಬೇಕು ಅಂದರೆ ಕೇಕ್ ಮಾಡುವ ಅಲ್ಯೂಮಿನಿಯಂ ಟಿನ್ ಅಥವಾ ಸ್ಟೀಲ್ ಟ್ರೇ ಬಳಸಿ. ಟೊಮೆಟೊ ಸಾಸ್ ಇದ್ದರೆ ಸ್ಟೀಲೇ ಸರಿ, ಹುಳಿಗೆ ಅಲ್ಯೂಮಿನಿಯಂ ಹೊಂದುವುದಿಲ್ಲ. ತಣ್ಣಗಿರುವುದರಿಂದ ಐದಾರು ನಿಮಿಷ ಹೆಚ್ಚು ಬೇಕಾಗುತ್ತದೆ, ದಪ್ಪ ತುಂಡೊಂದನ್ನು ಕತ್ತರಿಸಿ ನಡುವೆ ಗುಲಾಬಿ ಬಣ್ಣ ಇಲ್ಲ ಅಂತ ನೋಡಿ ಆಮೇಲೆ ಚೀಸ್ ಹಾಕಿ. ಮತ್ತೆ ಓಟಿಜಿಯನ್ನು 16 ಆಂಪಿಯರ್ ಪಾಯಿಂಟಿಗೇ ಹಾಕಿ, ಫ್ರಿಜ್ಜಿನ ಪಕ್ಕದ ಎಕ್ಸ್‌ಟೆನ್ಶನ್ ಬೋರ್ಡಿಗೆ ಬೇಡ.